ಅರಿಬಾವ್ ಬೀದಿಯ ಎರಡು ಭಾಷೆಗಳು

ಹಿಂದಿನ ಸಂಚಿಕೆಯಲ್ಲಿ ಬಾರ್ಸಿಲೋನಾದಲ್ಲಿ ಮಗಳ ಮನೆಯಲ್ಲಿ ಕಳೆದ ಎರಡು ಚಳಿಗಾಲಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಅಲ್ಲಿನ ಸಾಹಿತ್ಯದ ಬಗ್ಗೆ ಕೇಳಿದವುಗಳನ್ನೇ ಈ ಸಲ ತೆಗೆದುಕೊಂಡಿದ್ದೇನೆ.

*ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಎಂದು ನಾವು ಓದುವ ಹಾಗೆ ಸ್ಪೇನಿನ ಸಾಹಿತ್ಯಕ್ಕೂ ಘಟ್ಟಗಳಿವೆಯೇ ಮೇಡಂ? ‘ಮೊಡೆರ್ನಿಸ್ಮೊ’, ‘ಮುದರ್ನಿಸ್ಮ’ ಎಂದು ಎರಡು ಹೆಸರು ಕಂಡೆ. ಎರಡೂ ಒಂದೇನಾ?*
— ಎಂ.ಎ. ವಿದ್ಯಾರ್ಥಿ, ಧಾರವಾಡ

ಒಂದೇ ಅಲ್ಲ. ‘ಮೊಡೆರ್ನಿಸ್ಮೊ’ ಸ್ಪ್ಯಾನಿಷ್ ಭಾಷೆಯದು, ಅದೂ ಕಡಲಾಚೆಯಿಂದ ಬಂದದ್ದು. ನಿಕರಾಗುವಾದ ಕವಿ ರುಬೆನ್ ದಾರಿಯೊ 1888ರಲ್ಲಿ ಚಿಲಿಯಲ್ಲಿ ‘ಅಸುಲ್’ ಎಂಬ ಪುಸ್ತಕ ತಂದ. ಅಸುಲ್ ಅಂದರೆ ನೀಲಿ. ಫ್ರೆಂಚ್ ಕಾವ್ಯದ ನಾದ ಅವನ ಮೂಲಕ ಸ್ಪ್ಯಾನಿಷಿಗೆ ಇಳಿದು, ಆ ಭಾಷೆಯ ಪದ್ಯದ ನಡೆಯೇ ಬದಲಾಯಿತು. ‘ಮುದರ್ನಿಸ್ಮ’ ಕತಲಾನ್ ಭಾಷೆಯದು, ಬಾರ್ಸಿಲೋನಾದ್ದು. ಗೌದಿಯ ಕಟ್ಟಡಗಳ ಫೋಟೊ ನೋಡಿರುತ್ತೀರಿ, ಅದೇ ಗಾಳಿ ಬರಹದಲ್ಲೂ ಬೀಸಿತು. ಚಿತ್ರಕಾರನೂ ನಾಟಕಕಾರನೂ ಆಗಿದ್ದ ಸಂತಿಯಾಗೊ ರುಸಿನ್ಯೋಲ್ 1894ರಲ್ಲಿ ಎಲ್ ಗ್ರೆಕೊನ ಎರಡು ಚಿತ್ರಗಳನ್ನು ಸಿಜಸ್ ಎಂಬ ಕಡಲೂರಿನ ತನ್ನ ಮನೆಗೆ ಮೆರವಣಿಗೆಯಲ್ಲಿ ತರಿಸಿದ, ನಾವು ಉತ್ಸವಮೂರ್ತಿ ಹೊರುವ ಹಾಗೆ. ಕಲೆ ಅವರಿಗೆ ಅಷ್ಟು ದೊಡ್ಡದಾಗಿತ್ತು.

ಘಟ್ಟಗಳಂತೂ ಇವೆ. ಆದರೆ ಆ ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಸ್ಪ್ಯಾನಿಷಿನಲ್ಲಿ ಬರೆದವರು ಮತ್ತೆ ಮತ್ತೆ ಕೇಳಿಕೊಂಡದ್ದು, ನಮ್ಮ ದೇಶಕ್ಕೆ ಏನಾಗಿದೆ ಅಂತ. ಕತಲಾನರು ಕೇಳಿಕೊಂಡದ್ದು, ನಮ್ಮ ಭಾಷೆಯಲ್ಲಿ ಬರೆದರೆ ನಾಳೆ ಓದುವವರು ಇರುತ್ತಾರಾ ಅಂತ. ಎರಡನೆಯ ಪ್ರಶ್ನೆಯ ಭಾರ ಪುಸ್ತಕ ಓದಿದಾಗ ನನಗೆ ತಿಳಿದಿರಲಿಲ್ಲ. ತಿಳಿದದ್ದು ಕೆಳಗಿನ ಮಹಡಿಯ ಅಜ್ಜಿಯಿಂದ.

ಮಗಳ ಮನೆ ಇದ್ದದ್ದು ಅರಿಬಾವ್ ಬೀದಿಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ. ಅಜ್ಜಿ ಹುಟ್ಟಿದ್ದು 1936–39ರ ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ. ಮನೆಯಲ್ಲಿ, ಮಾರ್ಕೆಟ್ಟಿನಲ್ಲಿ, ನಿದ್ದೆಗಣ್ಣಲ್ಲಿ ಅವರು ಆಡುತ್ತಿದ್ದದ್ದು ಕತಲಾನ್. ಒಂದು ದಿನ ನನ್ನ ಕೈಗೆ ತರಕಾರಿ ಚೀಟಿ ಕೊಟ್ಟರು. ಪಕ್ಕದಲ್ಲಿದ್ದ ಮೊಮ್ಮಗಳು ಇಣುಕಿ ನೋಡಿ, ಪೆನ್ನು ತೆಗೆದುಕೊಂಡು, ಆರು ಪದಗಳಲ್ಲಿ ನಾಲ್ಕರ ಕಾಗುಣಿತ ತಿದ್ದಿದಳು. ಅಜ್ಜಿ ಕತಲಾನ್ ಪದಗಳನ್ನು ಸ್ಪ್ಯಾನಿಷ್ ಅಕ್ಷರದ ರೂಢಿಯಲ್ಲಿ ಬರೆದಿದ್ದರು. ಶಾಲೆಯಲ್ಲಿ ಕಲಿಸಿದ್ದು ಅದೊಂದೇ. ತಂಗಿಗೆ ಜೀವಮಾನವಿಡೀ ಬರೆದ ಕಾಗದಗಳೆಲ್ಲ ಸ್ಪ್ಯಾನಿಷಿನಲ್ಲಂತೆ, ಫೋನಿನಲ್ಲಿ ಆ ಭಾಷೆಯ ಒಂದು ಮಾತನ್ನೂ ಆಡದ ಅಕ್ಕತಂಗಿಯರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಬೀದಿಗೆ ಹೆಸರು ಕೊಟ್ಟ ಬೊನವೆಂತುರಾ ಕಾರ್ಲಸ್ ಅರಿಬಾವ್ ಹುಟ್ಟಿದ್ದು ಬಾರ್ಸಿಲೋನಾದಲ್ಲಿ, ಕೆಲಸಕ್ಕಿದ್ದದ್ದು ಮಡ್ರಿಡ್‌ನಲ್ಲಿ, ಒಬ್ಬ ಬ್ಯಾಂಕರ್ ಬಳಿ. 1833ರಲ್ಲಿ ಆ ಯಜಮಾನನ ಗೌರವಕ್ಕೆಂದು ಅವನು ಬರೆದ ‘ತಾಯ್ನಾಡಿಗೆ’ ಎಂಬ ಕವಿತೆ ಊರಿನ ಬೆಟ್ಟಗಳಿಗೆ ವಿದಾಯ ಹೇಳುತ್ತ ಶುರುವಾಗುತ್ತದೆ. ಮುಂದೆ ಹುಟ್ಟುಭಾಷೆಯ ನೆನಪಿಗೆ ಹೊರಳಿಕೊಳ್ಳುತ್ತದೆ. ಅವನ ಮಿಕ್ಕ ಬರಹ ಹೆಚ್ಚುಕಮ್ಮಿ ಎಲ್ಲ ಸ್ಪ್ಯಾನಿಷಿನಲ್ಲೇ. ಆದರೂ ಕತಲಾನರು ತಮ್ಮ ‘ರೆನಶೆನ್ಸ’ವನ್ನು, ಅಂದರೆ ಮರುಹುಟ್ಟನ್ನು, ಅಲ್ಲಿಂದಲೇ ಎಣಿಸುತ್ತಾರೆ. 1859ರಲ್ಲಿ ‘ಜೋಕ್ಸ್ ಫ್ಲೊರಾಲ್ಸ್’ ಎಂಬ ಹಳೆಯ ಕಾವ್ಯಸ್ಪರ್ಧೆಗೆ ಮತ್ತೆ ಜೀವ ಬಂತು. ಬಹುಮಾನವೆಂದರೆ ಹೂವು. ಅಲ್ಲಿ ಗೆದ್ದವರಲ್ಲಿ ಜಸಿಂತ್ ವೆರ್ದಗೇ ದೊಡ್ಡವನು. ರೈತರ ಮನೆಯ ಹುಡುಗ, ಪಾದ್ರಿಯಾದ, ಆರೋಗ್ಯ ಕೆಟ್ಟು ಕ್ಯೂಬಾಕ್ಕೆ ಹೋಗಿಬರುವ ಹಡಗುಗಳಲ್ಲಿ ಪೌರೋಹಿತ್ಯ ಮಾಡಿದ. ಅಟ್ಲಾಂಟಿಸ್ ಮುಳುಗಿದ ಕಥೆಯ ಅವನ ಮಹಾಕಾವ್ಯ ‘ಲತ್ಲಾಂತಿದಾ’ 1877ರಲ್ಲಿ ಬಹುಮಾನ ಪಡೆಯಿತು. ಹಳ್ಳಿಯವರ ಆಡುಮಾತಿನಿಂದ ಮಹಾಕಾವ್ಯ ಕಟ್ಟಬಹುದು ಎಂದು ಒಮ್ಮೆ ತೋರಿಸಿದ ಮೇಲೆ ವಾದಕ್ಕೆ ಎಡೆಯೆಲ್ಲಿ?

ಮುದರ್ನಿಸ್ಮದ ಬಿಸಿಗೆ ಎದುರಾಗಿ 1906ರ ಹೊತ್ತಿಗೆ ‘ನೊವ್‌ಸೆಂತಿಸ್ಮ’ ಬಂತು. ಹೆಸರಿಟ್ಟವನು ಪತ್ರಿಕೆಯಲ್ಲಿ ದಿನವೂ ಪುಟ್ಟ ಟಿಪ್ಪಣಿ ಬರೆಯುತ್ತಿದ್ದ ಎವ್ಜೆನಿ ದೋರ್ಸ್. ಇವರಿಗೆ ಬೇಕಾದದ್ದು ಶಿಸ್ತು, ನಗರ, ಶಾಲೆ, ಗ್ರಂಥಾಲಯ. ಇವರ ಕವಿತೆಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಹಿಡಿಸಿದ್ದು ಪೊಂಪೇವ್ ಫಾಬ್ರಾ ಎಂಬ ಇಂಜಿನಿಯರ್. ಬಿಲ್ಬಾವೊದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಈ ಮನುಷ್ಯ 1907ರಲ್ಲಿ ಹುಟ್ಟಿದ ಕತಲಾನ್ ಅಧ್ಯಯನ ಸಂಸ್ಥೆಯ ಕೆಲಸಕ್ಕೆ ಸೇರಿಕೊಂಡ. 1913ರಲ್ಲಿ ಕಾಗುಣಿತದ ನಿಯಮ, 1918ರಲ್ಲಿ ವ್ಯಾಕರಣ, 1932ರಲ್ಲಿ ನಿಘಂಟು. ಅದಕ್ಕೂ ಮೊದಲು ಒಬ್ಬೊಬ್ಬರದು ಒಂದೊಂದು ಕಾಗುಣಿತ. ಮೊಮ್ಮಗಳು ಅಜ್ಜಿಯ ಚೀಟಿ ತಿದ್ದಿದ್ದು ಫಾಬ್ರಾ ಹಾಕಿಕೊಟ್ಟ ದಾರಿಯಲ್ಲೇ. ಅವನು 1948ರಲ್ಲಿ ಗಡಿಯಾಚೆ, ಫ್ರಾನ್ಸಿನ ಪ್ರಾದ್ ಎಂಬ ಊರಿನಲ್ಲಿ, ದೇಶ ಬಿಟ್ಟವನಾಗಿ ತೀರಿಕೊಂಡ.

*‘98ರ ಪೀಳಿಗೆ’, ‘27ರ ಪೀಳಿಗೆ’ ಎಂದು ವರ್ಷದ ಲೆಕ್ಕದಲ್ಲಿ ಯಾಕೆ ಕರೆಯುತ್ತಾರೆ?*
— ನಿವೃತ್ತ ಶಿಕ್ಷಕರು, ಶಿರಸಿ

1898ರಲ್ಲಿ ಸ್ಪೇನ್ ಅಮೆರಿಕದ ಎದುರು ಸೋತು ಕ್ಯೂಬಾ, ಪೋರ್ಟೊರಿಕೊ, ಫಿಲಿಪ್ಪೀನ್ಸ್ ಕಳೆದುಕೊಂಡಿತು ಸರ್. ಸಾಮ್ರಾಜ್ಯವೆಂಬುದು ಮುಗಿಯಿತು. ಆ ಆಘಾತದಲ್ಲಿ ಬರೆದವರಿಗೆ 1913ರಲ್ಲಿ ಅಸೊರಿನ್ ಎಂಬ ಲೇಖಕ ಪತ್ರಿಕೆಯೊಂದರಲ್ಲಿ ಈ ಹೆಸರನ್ನು ಗಟ್ಟಿ ಮಾಡಿದ. ಅದೇ ಗುಂಪಿನವನೆನಿಸಿಕೊಂಡ ಕಾದಂಬರಿಕಾರ ಪಿಯೊ ಬರೋಹಾ, ಅಂಥ ಪೀಳಿಗೆಯೇ ಇಲ್ಲ ಎಂದು ತಕರಾರು ತೆಗೆದ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ. ಕಸ್ತಿಲಿಯ ಎಂಬ ನಡುನಾಡಿನ ಒಣ ಬಯಲನ್ನು ಸ್ಪೇನಿನ ಆತ್ಮವೆಂದು ಕಂಡ ಇವರಲ್ಲಿ ದೊಡ್ಡವರಾರೂ ಅಲ್ಲಿಯವರಲ್ಲ. ಉನಮುನೊ ಬಿಲ್ಬಾವೊದವನು, ಮಚಾದೊ ಸೆವಿಲ್ಲೆಯವನು, ಅಸೊರಿನ್ ಪೂರ್ವದ ಅಲಿಕಾಂತೆ ಸೀಮೆಯವನು. ಅದೇ 1898ರಲ್ಲಿ ಜುವಾನ್ ಮರಗಾಯ್ ಕತಲಾನಿನಲ್ಲಿ ‘ಸ್ಪೇನಿಗೆ’ ಎಂಬ ಕವಿತೆ ಬರೆದ. ಕಸ್ತಿಲಿಯದ್ದಲ್ಲದ ಭಾಷೆಯಲ್ಲಿ ಮಾತಾಡುವ ಮಗನ ದನಿ ಕೇಳು ಎಂದು ಅದು ಶುರುವಾಗುತ್ತದೆ. ವಿದಾಯ ಹೇಳಿ ಮುಗಿಯುತ್ತದೆ. 98ರವರ ಬರಹವನ್ನೂ ಈ ಕವಿತೆಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ಸೋಲಿಗೆ ಎರಡು ಮನೆಗಳಲ್ಲಿ ಹೇಗೆ ಅತ್ತರು ಎಂದು ತಿಳಿಯುತ್ತದೆ.

27ರವರ ಹೆಸರು ಸಂಭ್ರಮದ್ದು. 1627ರಲ್ಲಿ ತೀರಿಕೊಂಡ ಗೊಂಗೊರ ಎಂಬ ಕ್ಲಿಷ್ಟ ಕವಿಯನ್ನು ಪಂಡಿತರು ಮೂಲೆಗೆ ತಳ್ಳಿದ್ದರು. ಮುನ್ನೂರನೇ ವರ್ಷಕ್ಕೆ, 1927ರ ಡಿಸೆಂಬರಿನಲ್ಲಿ, ಲೋರ್ಕಾ, ಅಲ್ಬೆರ್ತಿ, ಗಿಯೆನ್, ದಾಮಸೊ ಅಲೊನ್ಸೊ ಮೊದಲಾದ ಯುವಕರು ಸೆವಿಲ್ಲೆಯಲ್ಲಿ ಸೇರಿ ಅವನನ್ನು ನೆನೆದರು. ಬೆನ್ನಿಗೆ ನಿಂತವನು ಇಗ್ನಾಸಿಯೊ ಸಾಂಚೆಸ್ ಮೆಹಿಯಾಸ್, ಗೂಳಿಕಾಳಗದ ಕಲಿ. ಅಂದಿನ ಫೋಟೊ ಎಲ್ಲ ಪಠ್ಯಗಳಲ್ಲೂ ಇದೆ, ಅದರಲ್ಲಿರುವವರೆಲ್ಲ ಗಂಡಸರೇ. ಕೊಂಚಾ ಮೆಂದೆಸ್, ಮರಿಯಾ ಸಂಬ್ರಾನೊರಂಥ ಓರಗೆಯ ಹೆಂಗಸರ ಹೆಸರು ಪಟ್ಟಿಗೆ ಸೇರಲು ಬಹಳ ವರ್ಷ ಹಿಡಿಯಿತು, ಅದು ಆಗಬಾರದಿದ್ದ ಅನ್ಯಾಯ. ಒಂಬತ್ತು ವರ್ಷಕ್ಕೆ, 1936ರ ಆಗಸ್ಟಿನಲ್ಲಿ, ಲೋರ್ಕಾನನ್ನು ಗ್ರಾನಾದಾದ ಬಳಿ ಗುಂಡಿಟ್ಟು ಕೊಂದರು. ಅಲ್ಬೆರ್ತಿ, ಸಲಿನಾಸ್, ಗಿಯೆನ್, ಸೆರ್ನುದಾ ದೇಶಾಂತರ ಹೋದರು.

ಮಚಾದೊನ ಸಮಾಧಿ ನೋಡಲು ಬಾರ್ಸಿಲೋನಾದಿಂದ ರೈಲಿನಲ್ಲಿ ಗಡಿ ದಾಟಿ ಕೊಲ್ಯೂರಿಗೆ ಹೋಗಿದ್ದೆ. 1939ರ ಜನವರಿಯ ಕೊನೆಗೆ, ಅಂತರ್ಯುದ್ಧದಲ್ಲಿ ಸೋತವರ ಗುಂಪಿನೊಂದಿಗೆ, ಮುದಿ ತಾಯಿಯನ್ನು ಕರೆದುಕೊಂಡು ಅವನು ಅಲ್ಲಿಗೆ ಬಂದ. ಫೆಬ್ರವರಿ 22ರಂದು ಸತ್ತ. ಮೂರು ದಿನಕ್ಕೆ ತಾಯಿಯೂ ಹೋದಳು. ಅವನ ಹಳೆಯ ಕೋಟಿನ ಜೇಬಿನಲ್ಲಿ ತಮ್ಮನಿಗೆ ಒಂದು ಕಾಗದದ ಚೂರು ಸಿಕ್ಕಿತು: ಈ ನೀಲಿ ದಿನಗಳು, ಬಾಲ್ಯದ ಈ ಬಿಸಿಲು ಎಂಬ ಒಂದೇ ಸಾಲು, ಮುಂದುವರಿಯದ ಕವಿತೆ. ಸಮಾಧಿಯ ಹತ್ತಿರ ಒಂದು ಅಂಚೆಪೆಟ್ಟಿಗೆ ಇದೆ. ಜನ ಅವನಿಗೆ ಕಾಗದ ಬರೆದು ಹಾಕುತ್ತಾರೆ. ನಾನೂ ಹಾಕಿದೆ, ಕನ್ನಡದಲ್ಲಿ.

*ಟಾಗೋರರನ್ನು ಸ್ಪೇನಿನವರು ಓದಿದ್ದರೇ?*
— ಓದುಗರು, ಉಡುಪಿ

ಆಸೆಯಿಂದ ಓದಿದರು. ಸೆನೋಬಿಯಾ ಕಾಂಪ್ರುಬಿ ಇಂಗ್ಲಿಷಿನಿಂದ ಅನುವಾದಿಸಿದರು, ಆಮೇಲೆ ಅವರ ಗಂಡನಾದ ಕವಿ ಹುವಾನ್ ರಮೋನ್ ಹಿಮೆನೆಸ್ ಅದಕ್ಕೆ ಲಯ ಕೂಡಿಸಿದರು. ‘ಕ್ರೆಸೆಂಟ್ ಮೂನ್’ ಅವರಿಂದ 1915ರಲ್ಲಿ ಬಂತು, ಮುಂದೆ ಸಾಲಾಗಿ ಇತರ ಪುಸ್ತಕಗಳೂ ಬಂದವು. ಹಿಮೆನೆಸ್‌ಗೆ 1956ರಲ್ಲಿ ನೊಬೆಲ್ ಸಿಕ್ಕಿತು. ಸುದ್ದಿ ಬಂದ ಕೆಲವೇ ದಿನಗಳಲ್ಲಿ ಸೆನೋಬಿಯಾ ತೀರಿಕೊಂಡರು.

*ಫ್ರಾಂಕೊ ಕಾಲದಲ್ಲಿ ಕತಲಾನಿಗೆ ಬೇಲಿ ಹಾಕಿದ್ದರು ಎಂದು ಕೇಳಿದ್ದೇನೆ. ಆಗ ಬರೆದವರು ಹೇಗೆ ಬರೆದರು ಅಕ್ಕಾ?*
— ಗೃಹಿಣಿ, ಮೈಸೂರು

ಅಂತರ್ಯುದ್ಧ ಗೆದ್ದ ಫ್ರಾಂಕೊ ಸರ್ವಾಧಿಕಾರಿಯಾದ. 1939ರಿಂದ ಶಾಲೆ, ಕಚೇರಿ, ಪತ್ರಿಕೆ ಎಲ್ಲದರಿಂದಲೂ ಆ ಭಾಷೆಯನ್ನು ಹೊರಗಟ್ಟಿದರು. ಬೀದಿಯಲ್ಲಿ ಕತಲಾನ್ ಆಡಿದವರಿಗೆ, ಕ್ರೈಸ್ತರ ಹಾಗೆ ಮಾತಾಡಿ ಎನ್ನುತ್ತಿದ್ದರಂತೆ. ಕ್ರೈಸ್ತರ ಭಾಷೆ ಎಂದರೆ ಸ್ಪ್ಯಾನಿಷ್. ಪುಸ್ತಕಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಾಗಿಲು ತೆರೆದದ್ದು ಆಮೇಲೆ, ಅದೂ ಸೆನ್ಸಾರಿನ ಕಣ್ಣಡಿ.

ಇಲ್ಲಿ ಮತ್ತೆ ಅರಿಬಾವ್ ಬೀದಿಗೆ ಬರುತ್ತೇನಮ್ಮ. 1945ರಲ್ಲಿ ಮೊದಲ ನದಾಲ್ ಪ್ರಶಸ್ತಿ ಪಡೆದದ್ದು ‘ನಾದಾ’ ಎಂಬ ಕಾದಂಬರಿ. ಬರೆದ ಕಾರ್ಮೆನ್ ಲಫೊರೆತ್‌ಗೆ ಆಗ 23 ವರ್ಷ. ಓದಲೆಂದು ಬಾರ್ಸಿಲೋನಾಕ್ಕೆ ಬರುವ ಆಂದ್ರೆಯಾ ಇಳಿದುಕೊಳ್ಳುವ ಅಜ್ಜಿಮನೆ ಇರುವುದು ಅರಿಬಾವ್ ಬೀದಿಯಲ್ಲೇ. ಕೊಳಕು, ಹಸಿವು, ಜಗಳ, ಮಾರಿಹೋಗುತ್ತಿರುವ ಪೀಠೋಪಕರಣ. ಯುದ್ಧದ ಬಗ್ಗೆ ಹೆಚ್ಚು ಮಾತಿಲ್ಲ, ಅದು ಮನೆಮಂದಿಯ ಮೈಯಲ್ಲೇ ಇದೆ. ಕಾದಂಬರಿ ಸ್ಪ್ಯಾನಿಷಿನದು. ಕತಲಾನ್ ಮರುಹುಟ್ಟಿನ ಕವಿಯ ಹೆಸರು ಆ ಪುಟಗಳಲ್ಲಿ ಬರೀ ವಿಳಾಸವಾಗಿ ಉಳಿದಿದೆ. ಸಂಜೆ ಆ ಬೀದಿಯಲ್ಲಿ ನಡೆಯುವಾಗ ನನಗೆ ಪ್ರತಿ ಸಲ ಇದೇ ನೆನಪಾಗಿ ಸಂಕಟವಾಗುತ್ತಿತ್ತು.

ಕತಲಾನನ್ನು ಬಿಡದೆ ಬರೆದವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರವಾದವಳು ಮೆರ್ಸೆ ರೊದೊರೆದಾ. 1939ರಲ್ಲಿ ಫ್ರಾನ್ಸಿಗೆ ಓಡಿ, ಅಲ್ಲಿ ಹೊಟ್ಟೆಪಾಡಿಗೆ ಬಟ್ಟೆ ಹೊಲಿದಳು. ಆಮೇಲೆ ಜಿನೀವಾದಲ್ಲಿ ನೆಲೆಸಿ ಬರೆದ ‘ವಜ್ರದ ಚೌಕ’ 1962ರಲ್ಲಿ ಬಂತು. ಅದಕ್ಕೂ ಮೊದಲು ಒಂದು ಸ್ಪರ್ಧೆಗೆ ಕಳಿಸಿದ್ದಳು, ಬಹುಮಾನ ಬರಲಿಲ್ಲ. ಕೈಹಿಡಿದವನು ಪ್ರಕಾಶಕ ಜುವಾನ್ ಸಾಲೆಸ್. ನತಾಲಿಯಾ ಮಿಠಾಯಿ ಅಂಗಡಿಯ ಹುಡುಗಿ. ಗ್ರಾಸಿಯಾ ಬಡಾವಣೆಯ ಜಾತ್ರೆಯಲ್ಲಿ ಒಬ್ಬ ಅವಳನ್ನು ಕುಣಿಯಲು ಎಳೆಯುತ್ತಾನೆ, ಅವಳ ಹೆಸರನ್ನೇ ಬದಲಿಸಿ ‘ಕುಲುಮೇತಾ’, ಪುಟ್ಟ ಪಾರಿವಾಳ, ಎಂದು ಕರೆಯುತ್ತಾನೆ. ಕುಣಿಯುವಾಗ ಅವಳ ಒಳಲಂಗದ ಇಲಾಸ್ಟಿಕ್ ಸೊಂಟವನ್ನು ಕಚ್ಚುತ್ತಿದೆ. ತಾಯಿ ಸತ್ತಿದ್ದಾಳೆ, ಬುದ್ಧಿ ಹೇಳುವವರಿಲ್ಲ. ಆ ಬಿಗಿತವೊಂದರಲ್ಲೇ ಮುಂದಿನ ಮದುವೆಯೆಲ್ಲ ಇದೆ. ಮುಂದೆ ಯುದ್ಧ, ಹಸಿವು, ಇಬ್ಬರು ಮಕ್ಕಳನ್ನು ಕೊಂದು ತಾನೂ ಸಾಯಲೆಂದು ಆಸಿಡ್ ತರಲು ಹೊರಡುವ ದಿನ. ಅಂಗಡಿಯವನು ಅವಳಿಗೆ ಕೆಲಸ ಕೊಡುತ್ತಾನೆ, ಹಾಗೆ ಜೀವ ಉಳಿಯುತ್ತದೆ. ಸೆನ್ಸಾರು ಹುಡುಕುವ ಘೋಷಣೆ ಅದರಲ್ಲಿಲ್ಲ. ಒಬ್ಬ ಹೆಂಗಸು ತನ್ನ ಅಡುಗೆಮನೆಯ ಮಾತಿನಲ್ಲಿ ಹೇಳಿಕೊಳ್ಳುತ್ತ ಹೋಗುತ್ತಾಳೆ, ಅಷ್ಟೆ.

ನಮ್ಮ ಅಜ್ಜಿ ಆ ಪುಸ್ತಕವನ್ನು ಮೊಮ್ಮಗಳ ಕೈಯಲ್ಲಿ ಗಟ್ಟಿಯಾಗಿ ಓದಿಸಿಕೊಂಡಿದ್ದರು. ಅರ್ಧದಲ್ಲಿ ನಿಲ್ಲಿಸಿ, ಇದು ನಮ್ಮಮ್ಮನ ದನಿ ಅಂದರಂತೆ.

*ಯಾವುದರಿಂದ ಶುರು ಮಾಡಲಿ?*
— ಸಾಫ್ಟ್‌ವೇರ್ ಉದ್ಯೋಗಿ, ಪುಣೆ

‘ವಜ್ರದ ಚೌಕ’ದಿಂದಲೇ. ಇಂಗ್ಲಿಷಿನಲ್ಲಿ ಅದು ‘ದ ಟೈಮ್ ಆಫ್ ದ ಡವ್ಸ್’ ಎಂದೂ ‘ಇನ್ ಡೈಮಂಡ್ ಸ್ಕ್ವೇರ್’ ಎಂದೂ ಸಿಗುತ್ತದೆ. ಒಂದೇ ಕಾದಂಬರಿ, ಎರಡನ್ನೂ ಕೊಂಡುಬಿಡಬೇಡಿ. ಆಮೇಲೆ ಕಾತೆರಿನಾ ಅಲ್ಬೆರ್ತ್‌ರ ‘ಸುಲಿತುದ್’, 1905ರದು. ‘ಸಾಲಿಟ್ಯೂಡ್’ ಎಂದು ಹುಡುಕಿ. ಲೇಖಕಿಯ ಹೆಸರು ವಿಕ್ತೊರ್ ಕತಲಾ ಎಂದಿರುತ್ತದೆ. ಮಗುವನ್ನು ಕೊಂದ ತಾಯಿಯ ಸ್ವಗತ ಬರೆದದ್ದು ಹೆಂಗಸು ಎಂದು 1898ರಲ್ಲಿ ಗೊತ್ತಾದಾಗ ಎದ್ದ ಗುಲ್ಲಿನ ನಂತರ ಅವರು ಗಂಡಸಿನ ಹೆಸರಿನ ಹಿಂದೆ ನಿಂತರು. ಲೋರ್ಕಾನ ‘ಬೆರ್ನಾರ್ದ ಆಲ್ಬಾಳ ಮನೆ’ಯನ್ನು ಮಾತ್ರ ಒಬ್ಬರೇ ಕೂತು ಓದಬೇಡಿ. ನಾಲ್ಕು ಗೆಳೆಯರನ್ನು ಕರೆದು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಓದಿ ಹೇಗನ್ನಿಸಿತೆಂದು ನನಗೊಂದು ಕಾಗದ ಹಾಕಿ.