ಟೀಮ್ ಬಿಟ್ಟು ಹೋದ ಪ್ಲೇಯರ್ ಹಿಂದೆ ನಾವೂ ಹೋಗ್ಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಮ್ಮಿ ಒಂದೇ ವಿಷಯದ್ದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಮೂರನ್ನೇ ಒಟ್ಟಿಗೆ ತಗೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಬೋಸ್ಟನ್‌ನಲ್ಲಿ ಕೆಲಸದಲ್ಲಿದ್ದಾನೆ. 2018ರಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಫೆನ್‌ವೇ ಪಾರ್ಕಿಗೆ ಮ್ಯಾಚ್ ನೋಡ್ಲಿಕ್ಕೆ ಕರ್ಕೊಂಡು ಹೋದ. ಬೇಸ್‌ಬಾಲ್ ಅಂದ್ರೆ ಎಂತ ಅಂತಾನೇ ಗೊತ್ತಿಲ್ಲದ ನಂಗೆ ರೆಡ್ ಸಾಕ್ಸ್ ಟೀಮಿನ ಮೂಕಿ ಬೆಟ್ಸ್ ಆಟ ನೋಡಿ ಹುಚ್ಚೇ ಹಿಡೀತು. ಊರಿಗೆ ಬಂದ ಮೇಲೂ ಫೋನಲ್ಲಿ ನೋಡ್ತಾ ಇದ್ದೆ. 2020ರಲ್ಲಿ ಅವನನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟುಬಿಟ್ರು. ಅಂದಿನಿಂದ ನಾನು ಡಾಡ್ಜರ್ಸ್ ಮ್ಯಾಚೇ ನೋಡುವುದು. ಮಗನಿಗೆ ಸಿಟ್ಟು, "ಅಮ್ಮ, ನೀವು ಪಕ್ಷಾಂತರ ಮಾಡಿದ್ರಿ" ಅಂತಾನೆ. ನಾನು ಮಾಡಿದ್ದು ತಪ್ಪಾ?
ಓದುಗರೊಬ್ಬರು, ಮಣಿಪಾಲ

ಉತ್ತರ: ಖಂಡಿತ ತಪ್ಪಲ್ಲ ಅಮ್ಮ. ನಿಮ್ಮ ಮಗನ ಸಿಟ್ಟೂ ನಂಗೆ ಅರ್ಥ ಆಗ್ತದೆ, ಆದ್ರೆ ಆ ಸಿಟ್ಟು ನಿಮ್ಮ ಮೇಲೆ ಬರ್ಬೇಕಾದ್ದಲ್ಲ, ಬೆಟ್ಸ್ ಮೇಲೂ ಅಲ್ಲ, ಟ್ರೇಡ್ ಮಾಡಿದ ಆಫೀಸಿನವರ ಮೇಲೆ.

ಅಲ್ಲಿಯ ಟ್ರೇಡ್ ಹೇಗೆ ಅಂತ ನಮ್ಮ ಓದುಗರಿಗೆ ಸ್ವಲ್ಪ ಹೇಳ್ಬೇಕು. ಬೇಸ್‌ಬಾಲಿನಲ್ಲಿ ಪ್ಲೇಯರಿನ ಕಾಂಟ್ರಾಕ್ಟನ್ನೇ ಒಂದು ಟೀಮ್ ಇನ್ನೊಂದು ಟೀಮಿಗೆ ದಾಟಿಸ್ತದೆ, ಬದಲಿಗೆ ಆ ಕಡೆಯಿಂದ ಬೇರೆ ಹುಡುಗರು ಬರ್ತಾರೆ, ಕೆಲವು ಸಲ ದುಡ್ಡೂ ಬರ್ತದೆ. ಪ್ಲೇಯರ್ ಹತ್ರ ಸಾಮಾನ್ಯವಾಗಿ ಒಂದು ಮಾತು ಕೇಳುವ ಕ್ರಮ ಇಲ್ಲ. ದೊಡ್ಡ ಲೀಗಿನಲ್ಲಿ 10 ವರ್ಷ ಆಡಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ಟೀಮಿನಲ್ಲಿ ಇದ್ದವನಿಗೆ ಮಾತ್ರ "ನಾನು ಹೋಗುದಿಲ್ಲ" ಅನ್ನುವ ಹಕ್ಕು ಉಂಟು, ಅಥವಾ ಕಾಂಟ್ರಾಕ್ಟಿನಲ್ಲೇ ಹಾಗೆ ಬರೆಸಿಕೊಂಡಿರ್ಬೇಕು. ಬೆಟ್ಸ್ ಬೋಸ್ಟನ್ನಿಗೆ ಆಡ್ಲಿಕ್ಕೆ ಶುರು ಮಾಡಿದ್ದು 2014ರಲ್ಲಿ, 10 ವರ್ಷ ಎಲ್ಲಿಂದ ಆಗ್ಬೇಕು. 2020ರ ಸೀಸನ್ ಮುಗಿದ್ರೆ ಅವನು ಯಾವ ಟೀಮಿಗೂ ಹೋಗ್ಲಿಕ್ಕೆ ಫ್ರೀ ಆಗ್ತಿದ್ದ, ಟೀಮಿನವರಿಗೆ ಸಂಬಳದ ಖರ್ಚು ಇಳಿಸ್ಬೇಕಿತ್ತು, ಹಾಗಾಗಿ ಫೆಬ್ರವರಿಯಲ್ಲೇ ಅವನನ್ನೂ ಡೇವಿಡ್ ಪ್ರೈಸ್ ಅನ್ನುವ ದುಬಾರಿ ಪಿಚ್ಚರನ್ನೂ (ಚೆಂಡು ಎಸೆಯುವವ, ನಮ್ಮ ಬೌಲರಿನ ಹಾಗೆ) ಸೇರಿಸಿ ಕಳಿಸಿದ್ರು, ಬದಲಿಗೆ ಮೂವರು ಹುಡುಗರು ಬಂದ್ರು. ಯಾರನ್ನು ಕಳಿಸಿದ್ದು ನೋಡಿ, 2018ರಲ್ಲಿ .346 ಆವರೇಜು (ನೂರು ಸಲಕ್ಕೆ ಸುಮಾರು 35 ಹಿಟ್), 32 ಹೋಮ್ ರನ್ (ನಮ್ಮ ಸಿಕ್ಸಿನ ಹಾಗೆ), 30 ಬೇಸ್ ಕದ್ದು (ಚೆಂಡು ಹೊಡೆಯುವ ಮೊದಲೇ ಮುಂದಿನ ಬೇಸಿಗೆ ಓಡಿ) ಅಮೆರಿಕನ್ ಲೀಗಿನ ಎಂವಿಪಿ, ಅಂದ್ರೆ ವರ್ಷದ ಶ್ರೇಷ್ಠ ಆಟಗಾರ ಆದವನನ್ನು! ಆ ವರ್ಷ ಬೋಸ್ಟನ್ ವರ್ಲ್ಡ್ ಸೀರೀಸ್, ಅಂದ್ರೆ ಅಲ್ಲಿಯ ಫೈನಲ್ ಸರಣಿ, ಗೆದ್ದದ್ದು ಇದೇ ಡಾಡ್ಜರ್ಸ್ ಮೇಲೆ. ಸೋತವರು ಗೆದ್ದವನನ್ನೇ ಮನೆಗೆ ಕರ್ಕೊಂಡು ಹೋದ್ರು, 2020ರ ಜುಲೈಯಲ್ಲಿ 12 ವರ್ಷಕ್ಕೆ 36.5 ಕೋಟಿ ಡಾಲರಿನ ಕಾಂಟ್ರಾಕ್ಟ್ ಮಾಡಿ ಗಟ್ಟಿ ಹಿಡ್ಕೊಂಡ್ರು. ಬೋಸ್ಟನ್‌ನವರಿಗೆ ಇದು ಹೊಸ ನೋವೂ ಅಲ್ಲ. ದೊಡ್ಡ ಹೆಸರಿನ ಬ್ಯಾಟರ್ ಬೇಬ್ ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ ಸುದ್ದಿ 1920ರ ಜನವರಿಯಲ್ಲಿ ಹೊರಗೆ ಬಿದ್ದದ್ದು, 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿದ್ದ ಬೋಸ್ಟನ್ ಪುನಃ ಗೆಲ್ಲುವಾಗ 2004 ಆಯ್ತು. ಮತ್ತೆ 2025ರ ಜೂನಿನಲ್ಲಿ ಸ್ಟಾರ್ ಬ್ಯಾಟರ್ ರಫಾಯೆಲ್ ಡೆವರ್ಸ್‌ನನ್ನೂ ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿದ್ರು. ನಿಮ್ಮ ಮಗನ ಜಾಗದಲ್ಲಿ ಯಾರಿದ್ರೂ ಬೇಜಾರು ಆಗ್ತದೆ.

ಇನ್ನು ನಿಮ್ಮ ವಿಷಯ. ನಮ್ಮೂರಲ್ಲಿ ಇದನ್ನು ಯಾರೂ ತಪ್ಪು ಅಂತ ಹೇಳಿದ್ದನ್ನು ನಾನು ಕೇಳ್ಲಿಲ್ಲ. ಇಷ್ಟದ ಯಕ್ಷಗಾನ ಭಾಗವತ್ರು ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಆದ್ಮೇಲೆ ಒಂದು ಮೇಳ ಬಿಟ್ಟು ಇನ್ನೊಂದು ಮೇಳ ಸೇರಿದ್ರು ಅಂತಾದ್ರೆ ಮುಂದಿನ ತಿರುಗಾಟಕ್ಕೆ ಜನ ಆ ಹೊಸ ಮೇಳದ ಆಟ ಎಲ್ಲಿ ಉಂಟು ಅಂತ ವಿಚಾರಿಸಿ ರಾತ್ರಿ ಬೈಕ್ ಹತ್ತಿ ಹೋಗ್ತಾರೆ, ಹಳೇ ಮೇಳದ ಆಟ ಹತ್ತಿರದ ಗದ್ದೆಯಲ್ಲಿ ಆದ್ರೆ ಅದಕ್ಕೂ ಹೋಗಿ ಕೂತ್ಕೊಳ್ತಾರೆ. ಪದ ಕೇಳ್ಬೇಕು ಅಂತ ಹೋದವನಿಗೆ ಬ್ಯಾನರಿನಲ್ಲಿ ಯಾವ ಮೇಳದ ಹೆಸರು ಉಂಟು ಅನ್ನುದು ಆಮೇಲಿನ ಮಾತು. ನೀವು ಫೆನ್‌ವೇಯಲ್ಲಿ ಮನಸ್ಸು ಕೊಟ್ಟದ್ದು ಒಬ್ಬ ಆಟಗಾರನ ಆಟಕ್ಕೆ, ರೆಡ್ ಸಾಕ್ಸ್ ನಿಮ್ಮ ಮಗನ ಊರಿನ ಟೀಮು, ನಿಮ್ಮದಲ್ಲ. ಮಗನಿಗೆ ಆ ಊರು ಅನ್ನ ಕೊಡ್ತಾ ಉಂಟು, ಅವನು ಟೀಮ್ ಹಿಡ್ಕೊಂಡು ಇರುದು ಸರಿ. ನೀವು ಬೆಟ್ಸ್ ಹಿಡ್ಕೊಂಡು ಇರುದೂ ಸರಿ.

ಬೋಸ್ಟನ್ ಜನರೇ ಅವನನ್ನು ಬಿಡ್ಲಿಲ್ಲ ಅಂತ ಮಗನಿಗೆ ನೆನಪು ಮಾಡಿ. ಟ್ರೇಡ್ ಆದ್ಮೇಲೆ ಅವನು ಫೆನ್‌ವೇಗೆ ಮೊದಲ ಸಲ ಎದುರು ಟೀಮಿನವನಾಗಿ ಬಂದದ್ದು 2023ರ ಆಗಸ್ಟಿನಲ್ಲಿ, ಬ್ಯಾಟ್ ಹಿಡ್ಕೊಂಡು ಬರುವಾಗ ಇಡೀ ಪಾರ್ಕು ಎದ್ದು ನಿಂತು ಚಪ್ಪಾಳೆ ಹೊಡೀತು.

ಇದಕ್ಕಿಂತಲೂ ನಂಗೆ ಮನಸ್ಸಿಗೆ ನಾಟಿದ್ದು ಜಪಾನಿನಿಂದ ಬಂದ ಬ್ಯಾಟರ್ ಇಚಿರೊ ಸುಜುಕಿಯದ್ದು. 2012ರ ಜುಲೈ 23. ಹತ್ತು ವರ್ಷಕ್ಕಿಂತ ಹೆಚ್ಚು ಸಿಯಾಟಲ್ ಮರಿನರ್ಸ್‌ಗೆ ಆಡಿದ ಮನುಷ್ಯ, ಟೀಮು ಸೋಲ್ತಾ ಉಂಟು, ವಯಸ್ಸು 38, ಯುವಕರಿಗೆ ಜಾಗ ಬಿಡುವ ಅಂತ ತಾನೇ ಟ್ರೇಡ್ ಕೇಳಿದ್ರು. ಯಾಂಕೀಸ್‌ಗೆ ಟ್ರೇಡ್ ಆಯ್ತು. ಆ ದಿನ ಯಾಂಕೀಸ್ ಇದ್ದದ್ದೂ ಸಿಯಾಟಲ್‌ನಲ್ಲೇ, ಮರಿನರ್ಸ್ ಜೊತೆಗೇ ಮ್ಯಾಚು! ಅದೇ ಸ್ಟೇಡಿಯಂ, ಡ್ರೆಸ್ಸಿಂಗ್ ರೂಮ್ ಮಾತ್ರ ಈ ಕಡೆಯಿಂದ ಆ ಕಡೆಗೆ. ಯಾವಾಗ್ಲೂ ಹಾಕುವ 51 ನಂಬರ್ ಇಲ್ಲ, ಬೆನ್ನಿನ ಮೇಲೆ 31. ಮೂರನೇ ಇನ್ನಿಂಗ್ಸಿನಲ್ಲಿ ಬ್ಯಾಟಿಂಗಿಗೆ ಬರುವಾಗ ಜನ ಎದ್ದು ನಿಂತ್ರು, ಇವರು ಹೆಲ್ಮೆಟ್ ತೆಗೆದು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ರು, ಇನ್ನೊಂದು ಬದಿಗೆ ತಿರುಗಿ ಅಲ್ಲಿಗೂ ಮಾಡಿದ್ರು. ಆಮೇಲೆ ಸಿಂಗಲ್ ಹೊಡೆದು ಸೆಕೆಂಡ್ ಬೇಸ್ ಕದ್ದೇಬಿಟ್ರು, ಆವತ್ತು ಬೆಳಿಗ್ಗೆವರೆಗೆ ತನ್ನದೇ ಆಗಿದ್ದ ಟೀಮಿನ ಮೇಲೆ. ಆ ಜನರಿಗೆ ಅದೇ ಇಚಿರೊ ಬೇಕಿತ್ತು.

ಒಂದು ಅನುಕೂಲವೂ ಆಯ್ತು ನಿಮಗೆ. ಬೋಸ್ಟನ್‌ನ ಸಂಜೆ 7.10ರ ಮ್ಯಾಚು ನಮಗೆ ನಸುಕು 4.40ಕ್ಕೆ, ಲಾಸ್ ಏಂಜಲೀಸಿನ 7.10 ಅಂದ್ರೆ ಬೆಳಿಗ್ಗೆ 7.40. ನೀರುದೋಸೆ ತಿನ್ನುತ್ತಾ ನೋಡ್ಬಹುದು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಬ್ಬೊಬ್ಬರಿಗೆ 162 ಮ್ಯಾಚ್, ಹೆಚ್ಚಿನ ದಿನ ಒಂದು ಸಿಗ್ತದೆ. 2025ರ ವರ್ಲ್ಡ್ ಸೀರೀಸ್ ಏಳನೇ ಮ್ಯಾಚನ್ನು ನೀವು ನೋಡಿರ್ಬೇಕು ಅಂತ ಆಸೆ ನಂಗೆ, ನಮಗೆ ನವೆಂಬರ್ 2ರ ಭಾನುವಾರ ಬೆಳಿಗ್ಗೆ. 11ನೇ ಇನ್ನಿಂಗ್ಸ್, ಡಾಡ್ಜರ್ಸ್ 5, ಟೊರೊಂಟೊ 4, ಚೆಂಡು ಉರುಳ್ತಾ ಬಂದದ್ದು ಬೆಟ್ಸ್ ಕೈಗೇ, ಹಿಡಿದು ಸೆಕೆಂಡ್ ಬೇಸ್ ಮೆಟ್ಟಿ ಫಸ್ಟಿಗೆ ಬಿಸಾಡಿದ, ಇಬ್ಬರೂ ಔಟ್, ಕಪ್ ಗೆದ್ದಾಯ್ತು. ಬೋಸ್ಟನ್‌ನಲ್ಲಿ ರೈಟ್ ಫೀಲ್ಡಿನಲ್ಲಿ ನಿಲ್ತಿದ್ದ ಹುಡುಗ ಮೂವತ್ತು ದಾಟಿದ ಮೇಲೆ ಶಾರ್ಟ್‌ಸ್ಟಾಪ್ ಕಲಿತು, ಅಂದ್ರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವಿನ ಜಾಗ, ಅಲ್ಲಿ ನಿಂತು ಇದನ್ನು ಮಾಡಿದ್ದು. ಇಷ್ಟು ವರ್ಷ ಬಿಡದೆ ನೋಡಿದ್ರಿಂದ ಇದರ ಬೆಲೆ ನಿಮಗೆ ಗೊತ್ತಾಗ್ತದೆ, ಮಗನಿಗೂ ಹೇಳಿ.

ಪ್ರಶ್ನೆ: ನಾನು ಚಿಕ್ಕಂದಿನಿಂದ ಆರ್‌ಸಿಬಿ. ಆದ್ರೆ ಕೆ.ಎಲ್. ರಾಹುಲ್ ನಮ್ಮ ಸುರತ್ಕಲ್‌ನಲ್ಲಿ ಬೆಳೆದವರು. 2025ರ ಏಪ್ರಿಲ್ 10ಕ್ಕೆ ಚಿನ್ನಸ್ವಾಮಿಯಲ್ಲಿ ಡೆಲ್ಲಿ ಪರ 93 ಹೊಡೆದು ನಮ್ಮನ್ನೇ ಸೋಲಿಸಿದಾಗ ನಂಗೆ ಒಳಗೊಳಗೆ ಖುಷಿ ಆಯ್ತು, ಹಾಸ್ಟೆಲಿನಲ್ಲಿ ಫ್ರೆಂಡ್ಸ್ ಎಲ್ಲ ಸೇರಿ ಬೈದ್ರು. ಎರಡು ಕಡೆಗೂ ಸಪೋರ್ಟ್ ಮಾಡಿದ್ರೆ ನಿಜವಾದ ಫ್ಯಾನ್ ಅಲ್ವಾ?
ಕಾಲೇಜ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ನಿಜವಾದ ಫ್ಯಾನೇ ಮಾರಾಯ. ರಾಹುಲ್ ಅಪ್ಪ ನಿಮ್ಮೂರಿನ ಎನ್‌ಐಟಿಕೆಯಲ್ಲಿ ಪ್ರೊಫೆಸರ್ ಆಗಿದ್ದವರು, ಹುಡುಗ ಅಲ್ಲೇ ಶಾಲೆಗೆ ಹೋಗಿ ಪ್ರಾಕ್ಟೀಸಿಗೆ ಮಂಗಳೂರಿನ ನೆಹರೂ ಮೈದಾನಕ್ಕೆ ಬರ್ತಿದ್ದದ್ದು ಎಲ್ಲರಿಗೂ ಗೊತ್ತುಂಟು. 2013ರಲ್ಲಿ ಆರ್‌ಸಿಬಿ, ಮತ್ತೆ ಹೈದರಾಬಾದ್, 2016ರಲ್ಲಿ ಪುನಃ ಆರ್‌ಸಿಬಿಗೆ ಬಂದು 397 ರನ್. 2017 ಭುಜದ ಗಾಯದಲ್ಲಿ ಹೋಯ್ತು. 2018ರ ಹರಾಜಿನಲ್ಲಿ ಪಂಜಾಬ್ 11 ಕೋಟಿಗೆ ತಗೊಂಡಿತು, ಆಮೇಲೆ ಲಕ್ನೋ, ಈಗ ಡೆಲ್ಲಿ. ಹರಾಜಿನ ಟೇಬಲಿನಲ್ಲಿ ಯಾರು ಕೈ ಎತ್ತುದು ಅಂತ ಪ್ಲೇಯರಿಗೆ ಗೊತ್ತಿರ್ತದಾ? ಆರ್‌ಸಿಬಿ ಬಿಟ್ಟದ್ದು ಅವರು ಅಂತ ಬೈಯುವವರು ಇದನ್ನು ಯೋಚಿಸ್ಬೇಕು.

ಆವತ್ತಿನ ಮ್ಯಾಚು ನೆನಪು ಮಾಡು. 164 ಬೇಕಿತ್ತು, 58ಕ್ಕೆ 4 ಹೋಗಿ ಡೆಲ್ಲಿ ಮುಗೀತು ಅಂತಲೇ ಅನಿಸಿತ್ತು. ರಾಹುಲ್ ಒಟ್ಟು 53 ಬಾಲಿಗೆ 93, ಔಟೇ ಇಲ್ಲ, ಕೊನೆಗೆ ಸಿಕ್ಸ್. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ಸುತ್ತ ಗೆರೆ ಎಳೆದು ನಡುವಲ್ಲಿ ಬ್ಯಾಟ್ ಊರಿದ್ರಲ್ಲ, ಅದು 'ಕಾಂತಾರ'ದಿಂದ ಬಂದದ್ದು ಅಂತ ಅವರೇ ಹೇಳಿದ್ದಾರೆ, ನಮ್ಮ ಕರಾವಳಿಯ ಕಥೆ. ಇದು ನನ್ನ ಜಾಗ ಅಂತ ಬೆಂಗಳೂರಿಗೇ ಹೇಳಿದ್ದು, ಡೆಲ್ಲಿ ಡ್ರೆಸ್ಸಿನಲ್ಲಿ! ಸುರತ್ಕಲ್ ಹುಡುಗನಿಗೆ ಅದನ್ನು ನೋಡಿ ಮೈ ಜುಮ್ ಅನ್ನದಿದ್ರೆ ಅದೇ ಆಶ್ಚರ್ಯ. ತಿಂಗಳ ಕೊನೆಗೆ ಡೆಲ್ಲಿಯಲ್ಲಿ ಆರ್‌ಸಿಬಿ ಗೆದ್ದ ಮೇಲೆ ಕೊಹ್ಲಿ ಅದೇ ಗೆರೆ ಎಳೆಯುವುದನ್ನು ರಾಹುಲ್ ಎದುರು ಮಾಡಿ ತೋರಿಸಿ ಇಬ್ಬರೂ ನಗಾಡಿದ್ರು. ಅವರಿಬ್ಬರಿಗೇ ಇಲ್ಲದ ಸಿಟ್ಟು ನಿನ್ನ ಹಾಸ್ಟೆಲಿನವರಿಗೆ ಎಂತಕ್ಕೆ? ಮತ್ತೆ ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆದ್ದಾಗ ನೀನೂ ಅವರೊಟ್ಟಿಗೇ ಕುಣಿದಿರ್ತಿ, ಅಲ್ವಾ. ನನ್ನ ಲೆಕ್ಕ ಇಷ್ಟೇ, ರಾಹುಲ್ ರನ್ ಹೊಡೀಲಿ, ಆರ್‌ಸಿಬಿ ಗೆಲ್ಲಲಿ. ಎರಡೂ ಒಟ್ಟಿಗೆ ಆಗದ ದಿನ ಯಾವುದು ಆಯ್ತೋ ಅದಕ್ಕೆ ಖುಷಿ ಪಡು, ಯಾರ ಹತ್ರವೂ ಪರ್ಮಿಷನ್ ಕೇಳ್ಬೇಡ.

ಪ್ರಶ್ನೆ: ನನ್ನ ಮಗ 5ನೇ ಕ್ಲಾಸ್. ಮೊಹಮ್ಮದ್ ಸಿರಾಜ್ ಅಂದ್ರೆ ಪ್ರಾಣ. ಆರ್‌ಸಿಬಿಯಿಂದ ಅವರು ಗುಜರಾತ್‌ಗೆ ಹೋದ ಮೇಲೆ ಬೆಂಗಳೂರಿನಲ್ಲೇ ನಮ್ಮ ವಿಕೆಟ್ ತೆಗೆದಾಗ ಟಿವಿ ಎದುರು ಅಳ್ತಾ ಕೂತ. ಏನು ಹೇಳಿ ಸಮಾಧಾನ ಮಾಡ್ಬೇಕಿತ್ತು?
ತಾಯಿಯೊಬ್ಬರು, ಕದ್ರಿ

ಉತ್ತರ: 2025ರ ಏಪ್ರಿಲ್ 2ರ ಮ್ಯಾಚ್ ಅದು, ಸಿರಾಜ್ 19 ರನ್ ಕೊಟ್ಟು 3 ವಿಕೆಟ್, ಮ್ಯಾನ್ ಆಫ್ ದ ಮ್ಯಾಚ್. ಏಳು ಸೀಸನ್ ಆರ್‌ಸಿಬಿಗೆ ಬೌಲ್ ಮಾಡಿದವರು. ಸಮಾಧಾನ ಮಾಡುವ ಅವಸರ ಬೇಡ ಅಕ್ಕ, ಅಳ್ಲಿ, ಇಷ್ಟ ಇದ್ದದ್ದಕ್ಕೇ ಅಳು ಬಂದದ್ದು. ಆದ್ರೆ "ಇನ್ನು ಸಿರಾಜ್ ನಮ್ಮವರಲ್ಲ" ಅಂತ ಮಾತ್ರ ಅವನಿಗೆ ಹೇಳ್ಬೇಡಿ, ಮನೆಯಲ್ಲಿ ದೊಡ್ಡವರು ತಮಾಷೆಗೆ ಹೇಳಿದ್ರೂ ತಡೀರಿ.

ಅದರ ಬದಲು ಬೇಸ್‌ಬಾಲಿನ ಆಲ್ಬರ್ಟ್ ಪುಹೋಲ್ಸ್ ಕಥೆ ಹೇಳಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಟೀಮಿನಲ್ಲಿ 11 ಸೀಸನ್ ಆಡಿ ಏಂಜಲ್ಸ್‌ಗೆ ಹೋದ ಬ್ಯಾಟರ್ ಅವರು, ಅದೂ ಟ್ರೇಡ್ ಅಲ್ಲ, ಕಾಂಟ್ರಾಕ್ಟ್ ಮುಗಿಸಿ ತಾವೇ ಹೋದದ್ದು. 2019ರ ಜೂನಿನಲ್ಲಿ ಹಳೇ ಊರಿಗೆ ಎದುರು ಟೀಮಿನವರಾಗಿ ಬಂದು ಹೋಮ್ ರನ್ ಹೊಡೆದ್ರು. ಸೇಂಟ್ ಲೂಯಿಸ್ ಜನ ತಮ್ಮ ಟೀಮಿನ ಮೇಲೆ ಬಿದ್ದ ಆ ಹೋಮ್ ರನ್ನಿಗೆ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ಅವರು ಪುನಃ ಹೊರಗೆ ಬಂದು ಕೈ ಎತ್ತುವವರೆಗೆ ನಿಲ್ಲಿಸ್ಲಿಲ್ಲ. 2022ರಲ್ಲಿ ಅವರು ಅದೇ ಟೀಮಿಗೆ ವಾಪಸ್ ಬಂದು, ಆ ಸೀಸನ್ನಿನಲ್ಲೇ ತಮ್ಮ ಜೀವನದ 700ನೇ ಹೋಮ್ ರನ್ ಹೊಡೆದು, 703ಕ್ಕೆ ಆಟ ನಿಲ್ಲಿಸಿದ್ರು.

ಸಿರಾಜ್ ವಾಪಸ್ ಬರ್ತಾರೆ ಅಂತ ಆಸೆ ಹುಟ್ಟಿಸ್ಲಿಕ್ಕೆ ನಾನಿದನ್ನು ಹೇಳುದಲ್ಲ. ಮುಂದಿನ ಸಲ ಆರ್‌ಸಿಬಿ ಮೇಲೆ ಅವರು ಬೌಲಿಂಗಿಗೆ ಬರುವಾಗ ಹುಡುಗನ ಪಕ್ಕದಲ್ಲಿ ಕೂತು ಮೊದಲ ಬಾಲಿಗೆ ಮುಂಚೆ ನೀವೇ ಚಪ್ಪಾಳೆ ಹೊಡೀರಿ, ಆಮೇಲೆ ಇಬ್ಬರೂ ಸೇರಿ ಆ ಬಾಲಿಗೆ ಫೋರ್ ಹೋಗ್ಲಿ ಅಂತ ಕಾಯಿರಿ. ಹಳೇ ಆರ್‌ಸಿಬಿ ಜೆರ್ಸಿಯಲ್ಲಿ ಅವರ ಹೆಸರು ಉಂಟು ಅಂತಾದ್ರೆ ಅದನ್ನೇ ಹಾಕಿಸಿ ಕೂರಿಸಿ, ಗಿಡ್ಡ ಆಗುವವರೆಗೆ ಹಾಕ್ಲಿ.