ಹೋಂಸ್ಟೇ ಜಾಹೀರಾತಿಗೆ "ರಿಸಲ್ಟ್ ಬಂದರೆ ಮಾತ್ರ ದುಡ್ಡು ಕೊಡಿ" ಎನ್ನುತ್ತಿದ್ದಾರೆ, ಒಪ್ಪಬಹುದಾ?

ಶಿರಸಿ ಹತ್ತಿರ ತೋಟದ ಮನೆಯಲ್ಲಿ ಹೋಂಸ್ಟೇ ಶುರು ಮಾಡಿದ್ದೀರಿ, ಆನ್‌ಲೈನ್ ಜಾಹೀರಾತು ಮಾಡಿಸಲು ಒಂದು ಏಜೆನ್ಸಿ ಹೀಗೆ ಹೇಳುತ್ತಿದೆ ಅಂತ ಬರೆದಿದ್ದೀರಿ. ಒಪ್ಪಬಹುದು. ಆದರೆ ರಿಸಲ್ಟ್ ಅಂದರೆ ಏನು ಅನ್ನುವುದನ್ನು ನೀವೇ ಹೇಳಿ, ಬರೆಸಿಕೊಳ್ಳಿ. ನಾನು ಶಿರಸಿಯಲ್ಲಿ ಕೆಲವು ಹೋಂಸ್ಟೇಗಳ ಜಾಹೀರಾತು ನೋಡಿಕೊಳ್ಳುತ್ತೇನೆ. ಜಗಳ ಹುಟ್ಟುವುದೆಲ್ಲ ಈ ರಿಸಲ್ಟ್ ಅನ್ನುವ ಮಾತಿನಲ್ಲೇ.

ಫೇಸ್‌ಬುಕ್‌ನಲ್ಲಿ ಪೋಸ್ಟ್ ಬೂಸ್ಟ್ ಮಾಡಿದರೆ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಿದರೆ, ಸಾಮಾನ್ಯವಾಗಿ ಅದು ಎಷ್ಟು ಸಲ ಕಾಣಿಸಿತು ಎಂಬ ಲೆಕ್ಕಕ್ಕೆ ದುಡ್ಡು ಹೋಗುತ್ತದೆ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ. ಕ್ಲಿಕ್ ಮಾಡಿದವರೆಲ್ಲ ಬಂದು ಉಳಿಯುವುದಿಲ್ಲ, ಅಲ್ವಾ? ನಮ್ಮೂರ ಹೆಸರಿನದೇ ಇನ್ನೊಂದು ತಾಪತ್ರಯವೂ ಇದೆ. ಬೆಂಗಳೂರಿನಲ್ಲಿ ಸಿರ್ಸಿ ಸರ್ಕಲ್ ಇದೆ, ಜೈಪುರದಲ್ಲಿ ಸಿರ್ಸಿ ರೋಡ್ ಇದೆ. ಅಲ್ಲಿ ರೂಮು ಹುಡುಕುವವರು ನಿಮ್ಮ ಜಾಹೀರಾತು ಒತ್ತಿದರೂ ಬಿಲ್ಲು ನಿಮಗೇ. "ಸರ್ಕಲ್", "ಜೈಪುರ" ಇಂಥ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ (ಈ ಪದ ಹಾಕಿ ಹುಡುಕಿದವರಿಗೆ ಜಾಹೀರಾತು ತೋರಿಸಬೇಡ ಎನ್ನುವ ಪಟ್ಟಿ) ಸೇರಿಸಲು ಏಜೆನ್ಸಿಗೆ ಹೇಳಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.

ಏಜೆನ್ಸಿಯವರು ರಿಸಲ್ಟ್ ಎನ್ನುವುದು ಹೆಚ್ಚಾಗಿ ಲೀಡ್‌ಗೆ, ಅಂದರೆ ಒಂದು ಫೋನ್ ಕರೆ ಅಥವಾ ವಾಟ್ಸಾಪ್ ಮೆಸೇಜಿಗೆ. ಸುಮ್ನೆ ರೇಟು ಕೇಳಿ ಬಿಡುವವರೂ ಅದರಲ್ಲಿ ಸೇರುತ್ತಾರೆ. ನಮ್ಮಲ್ಲಿ ಅಡಿಕೆ ಟೆಂಡರಿನಲ್ಲಿ ಮಾರಾಟವಾದ ಮೇಲೆ ದಲಾಲಿ ಮುರಿದುಕೊಳ್ಳುತ್ತಾರೆ. ಎಷ್ಟು ಜನ ಚೀಲಕ್ಕೆ ಕೈಹಾಕಿ ನೋಡಿದರು ಅಂತ ಯಾರೂ ದಲಾಲಿ ಕೇಳುವುದಿಲ್ಲ. ನೀವೂ ಹಾಗೇ ಕೇಳಿ: ಅತಿಥಿ ಬಂದು, ಉಳಿದು, ದುಡ್ಡು ಕೊಟ್ಟು ಹೋದ ಮೇಲೆ ಲೆಕ್ಕ. ಕ್ಯಾನ್ಸಲ್ ಆದ ಬುಕಿಂಗ್ ಲೆಕ್ಕಕ್ಕಿಲ್ಲ.

ಇದಕ್ಕೆ ಅವರು ಜಾಸ್ತಿ ದರ ಕೇಳುತ್ತಾರೆ. ಅದು ನ್ಯಾಯವೇ, ಯಾಕೆಂದರೆ ನಷ್ಟದ ಭಯ ಈಗ ಅವರ ತಲೆ ಮೇಲಿದೆ. ಎಷ್ಟು ಕೊಡಬಹುದು ಅಂತ ಹೀಗೆ ನೋಡಿ. ಒಂದು ಕ್ಲಿಕ್ಕಿಗೆ 10 ರೂಪಾಯಿ, 50 ಕ್ಲಿಕ್ಕಿಗೆ ಒಂದು ಬುಕಿಂಗ್ ಅಂತ ಇಟ್ಟುಕೊಳ್ಳೋಣ. ಒಂದು ಬುಕಿಂಗಿಗೆ 500 ರೂಪಾಯಿ ಆಯಿತು, ಮೇಲೆ 18% ಜಿಎಸ್‌ಟಿ ಸೇರಿ 590. ಊಟ, ತೊಳೆತ, ಕೆಲಸದವರ ಕೂಲಿ ಕಳೆದು ನಿಮಗೆ 800 ಉಳಿಯುವುದಾದರೆ, ಏಜೆನ್ಸಿ 750 ಕೇಳಿದರೆ ಬೇಡ ಅನ್ನಿ, ಅದಕ್ಕೂ ಜಿಎಸ್‌ಟಿ ಸೇರಿದರೆ 885 ಆಗುತ್ತದೆ. ಬುಕಿಂಗ್ ಡಾಟ್ ಕಾಮ್, ಮೇಕ್‌ಮೈಟ್ರಿಪ್‌ನಂಥ ಕಡೆ ಬುಕಿಂಗ್ ಆದರೆ ಕಮಿಷನ್ ಹಿಡಿಯುತ್ತಾರಲ್ಲ, ಅದೂ ಇದೇ ಬಗೆ. ಅವರ ದರದ ಪಕ್ಕ ಏಜೆನ್ಸಿಯ ದರ ಇಟ್ಟು ನೋಡಿ.

ನನಗೆ ಅತಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ನಿಮ್ಮ ಹೋಂಸ್ಟೇ ಹೆಸರನ್ನೇ ಟೈಪ್ ಮಾಡಿ ಹುಡುಕಿದವರಿಗೂ ಜಾಹೀರಾತು ತೋರಿಸಿ, "ನಾವು ಕರೆತಂದೆವು" ಎಂದು ಹಣ ಕೇಳುವುದು. ಅವರು ಹೇಗೂ ಬರುವವರಿದ್ದರು. ಹಳೆಯ ಅತಿಥಿಗಳೂ ಅಷ್ಟೇ. ಈ ಎರಡೂ ಲೆಕ್ಕಕ್ಕೆ ಬರುವುದಿಲ್ಲ ಅಂತ ಮೊದಲೇ ಹೇಳಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಊರಲ್ಲಿ ರೂಮೇ ಸಿಗುವುದಿಲ್ಲ. ಆ ದಿನಗಳಲ್ಲಿ ಜಾಹೀರಾತು ನಿಲ್ಲಿಸಿಬಿಡಿ. ಮಳೆಗಾಲದಲ್ಲಿ ಉಂಚಳ್ಳಿ ಜಲಪಾತ ನೋಡಲು ಜನ ಹುಡುಕುತ್ತಾರೆ, ಆಗ ಖರ್ಚು ಮಾಡಿ. ಆದರೆ ಶಾಲ್ಮಲೆ ಹೊಳೆ ತುಂಬಿ ಹರಿಯುವಾಗ, ಅದರ ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗದ ಫೋಟೋ ಹಾಕಿ ಕರೆಯಬೇಡಿ. ಲಿಂಗಗಳು ನೀರಿನಡಿ ಇರುತ್ತವೆ, ಬಂದವರು ಬೇಜಾರಾಗಿ ಹೋಗುತ್ತಾರೆ.

ಇನ್ನೊಂದು. ಗೂಗಲ್ ಜಾಹೀರಾತು ಖಾತೆ ನಿಮ್ಮ ಇಮೇಲ್‌ನಲ್ಲೇ ತೆರೆಯಿರಿ. ಪಾಸ್‌ವರ್ಡ್ ಕೊಡದೆಯೂ ಏಜೆನ್ಸಿಗೆ ಅನುಮತಿ ಕೊಡಬಹುದು. ನಾಳೆ ಅವರನ್ನು ಬಿಟ್ಟರೂ ಯಾವ ಹುಡುಕಾಟದಿಂದ ಎಷ್ಟು ಕ್ಲಿಕ್ ಬಂತು ಎಂಬ ಲೆಕ್ಕ ನಿಮ್ಮ ಹತ್ತಿರವೇ ಇರುತ್ತದೆ. ಖಾತೆ ತಮ್ಮದೇ ಇರಬೇಕು ಎಂದು ಹಟ ಹಿಡಿಯುವವರ ಜೊತೆ ನಾನಾದರೆ ಕೆಲಸ ಮಾಡುವುದಿಲ್ಲ.