ಮಗನ ಮುಂದೆ ಅಪ್ಪ ಹೇಗೆ ಹೇಳಿಯಾರು?

ಪತ್ರ: ಯುದ್ಧ ಕಂಡು ಬಂದ ಯೋಧರಿಗೆ ಕೌನ್ಸೆಲಿಂಗ್ ಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವರು ಗಟ್ಟಿ ಜನ. ಊರಿನಲ್ಲಿ ತೋಟ, ದೈವ, ದೇವರು ಅಂತ ಇದ್ದರೆ ಎಲ್ಲ ಸರಿಯಾಗುತ್ತದೆ. ಸುಮ್ನೆ ಹುಚ್ಚರ ಪಟ್ಟ ಕಟ್ಟಬೇಡಿ.
– ನಿವೃತ್ತ ಅಧ್ಯಾಪಕರು, ಮುಳ್ಳೇರಿಯ, ಕಾಸರಗೋಡು ಜಿಲ್ಲೆ

ಸಂಪಾದಕರ ಉತ್ತರ:

ಮಾಷ್ಟ್ರೇ, ತೋಟದ ಕೆಲಸದಿಂದ, ಕೋಲದ ದಿನ ಊರವರ ಜೊತೆ ನಿಲ್ಲುವುದರಿಂದ ಮನಸ್ಸು ಹಗುರವಾಗುತ್ತದೆ, ಒಪ್ಪಿದೆ. ಆದರೆ ಪಟ್ಟ ಕಟ್ಟುವವರು ಡಾಕ್ಟರುಗಳಲ್ಲ. 'ಮಿಲಿಟ್ರಿಯವನಿಗೆ ಎಂಥ ಹೆದರಿಕೆ' ಎಂದು ನಗುವ ನಾವೇ ಅಲ್ವಾ? ಮೊದಲ ಮಹಾಯುದ್ಧದಲ್ಲಿ ಓಡಿಹೋದರು, ಹೇಡಿಗಳಾದರು ಎಂಬಂಥ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನವರಿಗೇ ಗುಂಡಿಟ್ಟಿತು. ಅಂಥ 306 ಮಂದಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಯುದ್ಧದಂಥ ಆಘಾತ ಕಂಡವರ ಮನಸ್ಸನ್ನು ಆಮೇಲೂ ಕಾಡುವ ಈ ತೊಂದರೆಯನ್ನು, ಅಂದರೆ ಪಿಟಿಎಸ್‌ಡಿಯನ್ನು, ಅಮೆರಿಕದ ಮನೋವೈದ್ಯರು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೇ 1980ರಲ್ಲಿ.

ಪೆರ್ಲದ ಕಡೆಯ ಒಬ್ಬರನ್ನು ನಾನು ಬಲ್ಲೆ. 1987ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿದ್ದವರು. ದೀಪಾವಳಿಯ ಪಟಾಕಿ ಶುರುವಾದರೆ ಹಟ್ಟಿಗೆ ಹೋಗಿ ದನದ ಕುತ್ತಿಗೆ ತಬ್ಬಿ ಕೂರುತ್ತಿದ್ದರು. ನಿದ್ದೆಯಲ್ಲಿದ್ದಾಗ ಹೆಂಡತಿ ದೂರ ನಿಂತೇ ಕರೆಯಬೇಕು. ಮುಟ್ಟಿದರೆ ಇವರ ಕೈ ಹೆಂಡತಿಯ ಕುತ್ತಿಗೆಗೆ ಹೋಗುತ್ತಿತ್ತು. ಕೊನೆಗೆ ಒಂದು ಆಸ್ಪತ್ರೆಗೆ ಕರೆದೊಯ್ದರು. ಕೌನ್ಸೆಲರ್ ಒಳ್ಳೆಯ ಹುಡುಗಿ, ಆದರೆ ಕನ್ನಡ ಬಾರದು. ಮಗ ದುಭಾಷಿಯಾಗಿ ಕೂತ. 'ರಾತ್ರಿ ಏನು ಕಾಣುತ್ತದೆ ಅಂತ ಕೇಳ್ತಿದ್ದಾರೆ.' ಅಪ್ಪ ಮಗನ ಮುಖ ನೋಡಿ 'ಎಂಥದೂ ಇಲ್ಲ' ಎಂದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ತಾನು ನಡುಗುತ್ತೇನೆ ಎಂದು ಯಾವ ಅಪ್ಪ ಮಗನ ಬಾಯಿಂದ ಹೇಳಿಸಿಯಾನು? ಈ ಚಿಕಿತ್ಸೆಯಲ್ಲಿ ಮಾತ್ರೆಗಿಂತ ಮಾತು ಜಾಸ್ತಿ. ಅಂದು ನಡೆದದ್ದನ್ನು ಸ್ವಲ್ಪಸ್ವಲ್ಪವೇ ಹೇಳಿ, ಮತ್ತೆ ಮತ್ತೆ ಹೇಳಿ, ಹೆದರಿಕೆಯನ್ನು ತಗ್ಗಿಸಬೇಕು. ಅದು ಬಾಯಿಗೆ ಬರುವುದು ಕನಸಿನಲ್ಲಿ ಕೂಗುವ ಭಾಷೆಯಲ್ಲೇ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಾದ ನಮ್ಮದು ಇದೇ ಪಾಡು. ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು ಎಂದು ಕೇರಳದ 1969ರ ಕಾಯ್ದೆ ಹೇಳುತ್ತದೆ. ಅರ್ಜಿಗೆ ಭಾಷೆ ಕೊಟ್ಟವರು ಅಳುವುದಕ್ಕೂ ಕೊಡಬೇಡವೇ? ಇನ್ನು ಗಡಿಯಾಚೆಯ ಕರ್ನಾಟಕದವರು. 2020ರ ಲಾಕ್‌ಡೌನ್‌ನಲ್ಲಿ ಮಂಗಳೂರಿಗೆ ಹೊರಟ ನಮ್ಮ ರೋಗಿಗಳನ್ನು ತಲಪಾಡಿಯಲ್ಲೇ ತಡೆದರು. ಕನ್ನಡಿಗರು ಎಂದು ಆಗ ಯಾರೂ ನೋಡಲಿಲ್ಲ.

ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ, 2022ರಲ್ಲಿ ಶುರುವಾದ ಸರಕಾರದ ಟೆಲಿ-ಮಾನಸ್ ಇದೆ. ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡವೂ ಉಂಟು. ಸೇನೆಯವರಿಗಾಗಿಯೇ 2023ರಲ್ಲಿ ಪುಣೆಯಲ್ಲಿ ಅದರ ಒಂದು ವಿಭಾಗ ತೆರೆದಿದ್ದಾರೆ. ಮಾಷ್ಟ್ರೇ, ನಿಮ್ಮ ಊರಿನ ಮಾಜಿ ಸೈನಿಕರಿಗೆ ಈ ನಂಬರನ್ನು ನೀವೇ ಕೊಡಿ. ನೀವು ಪಾಠ ಹೇಳಿದವರು, ನಿಮ್ಮ ಮಾತು ತೆಗೆದುಹಾಕಲಾರರು. ಜಿಲ್ಲೆಗೆ ಕನ್ನಡ ಬಲ್ಲ ಕೌನ್ಸೆಲರುಗಳು ಬೇಕೆಂದು ಅರ್ಜಿ ಬರೆಯುತ್ತಿದ್ದೇನೆ, ಕನ್ನಡದಲ್ಲೇ. ನಿಮ್ಮ ಸಹಿಯೂ ಬೇಕು.